ಗಾಳದಿಂದ ಶುರು ಮಾಡಿ: ಪೆಸಿಫಿಕ್ ದ್ವೀಪಗಳ ಕೆತ್ತನೆ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳ ಪದಕಗಳು, ಹವಾಯಿಯ ಗಾಳದ ಹಾರಗಳು, ಮಾರ್ಕೆಸಸ್ ದ್ವೀಪಗಳ ಮರಗೆಲಸ. ಮೂಳೆ ಮತ್ತು ಕಲ್ಲು ಕೆತ್ತುವುದು ನನ್ನ ದಿನನಿತ್ಯದ ಕೆಲಸ. ಹಾಗಾಗಿ ಈ ಪತ್ರಗಳನ್ನು ಓದಿ ತುಂಬ ಖುಷಿಯಾಯಿತು.

ಪ್ರಶ್ನೆ: ಮಾವೋರಿಗಳ ಗಾಳದ ಆಕಾರದ ಪದಕ ನೋಡಿ ಮರುಳಾಗಿದ್ದೇನೆ. ನಾನೇ ಕೆತ್ತಬೇಕು ಅಂತ ಆಸೆ. ಕಲ್ಲು, ಮರ, ಮೂಳೆ, ಯಾವುದರಿಂದ ಶುರು ಮಾಡಲಿ? ಮೊದಲೇ ಹೇ ಟಿಕಿ ಎಂಬ ಮನುಷ್ಯಾಕೃತಿಯ ಪದಕ ಮಾಡಬಹುದಾ?

ಉತ್ತರ: ಮೂಳೆಯಿಂದ ಶುರು ಮಾಡಿ, ಗಾಳವನ್ನೇ ಮಾಡಿ. ಹೇ ಟಿಕಿ ಈಗಲೇ ಬೇಡ. ಯಾಕೆ ಅನ್ನುವುದನ್ನು ಇನ್ನೊಬ್ಬರ ಪ್ರಶ್ನೆಗೆ ಉತ್ತರಿಸುವಾಗ ಹೇಳುತ್ತೇನೆ.

ಗಾಳ ಕುತ್ತಿಗೆಗೆ ಬರುವುದಕ್ಕೆ ಎಷ್ಟೋ ಮೊದಲೇ ನೀರಿಗೆ ಇಳಿದ ವಸ್ತು. ಅದರ ಒಂದೊಂದು ತಿರುವಿಗೂ ಕೆಲಸವಿದೆ. ಮೀನು ಎಳೆದಾಗ ಭಾರ ಬೀಳುವುದು ಕೆಳಗಿನ ಬಾಗಿನ ಮೇಲೆ. ಹಳೆಯ ಗಾಳಗಳಲ್ಲಿ ಬಾಗು ದಪ್ಪಗಿರುವುದು ಅದಕ್ಕೇ. ಮುಳ್ಳು ಒಳಮುಖವಾಗಿ ಬಾಗಿರುವುದು ಮೀನು ತಪ್ಪಿಸಿಕೊಳ್ಳಬಾರದು ಅಂತ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೆತ್ತಿದರೆ ಪದಕಕ್ಕೆ ಜೀವ ಬರುತ್ತದೆ. ಚಿತ್ರ ನೋಡಿ ಸುಮ್ನೆ ಗೆರೆ ಎಳೆದರೆ ಪ್ರಶ್ನಾರ್ಥಕ ಚಿಹ್ನೆಯೇ ಸಿಗುತ್ತದೆ.

ಆಕಾರವನ್ನು ಅಲ್ಲಿ ಸಿಗುವ ವಸ್ತುವೂ ತೀರ್ಮಾನಿಸಿದೆ. ಬೆಚ್ಚಗಿನ ದ್ವೀಪಗಳಲ್ಲಿ ದೊಡ್ಡ ಮುತ್ತಿನ ಚಿಪ್ಪು ಸಿಗುತ್ತಿತ್ತು. ಅಲ್ಲಿಯವರು ಒಂದೇ ತುಂಡಿನಲ್ಲಿ ಗಾಳ ಕತ್ತರಿಸಿದರು. ನ್ಯೂಜಿಲೆಂಡಿಗೆ ಬಂದವರಿಗೆ ಆ ಚಿಪ್ಪು ಸಿಗಲಿಲ್ಲ. ಮೋವಾ ಎಂಬ ಹಾರಲಾರದ ದೈತ್ಯ ಹಕ್ಕಿಯ ಮೂಳೆ ಸಿಕ್ಕಿತು. ದಕ್ಷಿಣ ದ್ವೀಪದ ವೈರಾವ್ ಬಾರ್ ಎಂಬಲ್ಲಿ ಅಗೆದಾಗ ಆ ಮೂಳೆಯಿಂದ ಮಾಡಿದ ಗಾಳಗಳು, ಹಾರಕ್ಕೆ ಪೋಣಿಸಿದ ದಾರದುಂಡೆಯಂಥ ಮಣಿಗಳು ಸಿಕ್ಕಿವೆ. ಮುಂದೆ ಮೋವಾ ಅಳಿದುಹೋಯಿತು. ಮರದ ಕಾಲಿಗೆ (ಗಾಳದ ಉದ್ದನೆಯ ಭಾಗಕ್ಕೆ) ಮೂಳೆಯ ಮುಳ್ಳು ಕಟ್ಟಿದ, ಎರಡು ತುಂಡಿನ ಗಾಳಗಳೇ ಜಾಸ್ತಿಯಾದವು.

ಈಗ ಕೆಲಸಕ್ಕೆ ಬರೋಣ. ಈಗಿನ ಕೆತ್ತನೆಗಾರರು ಹೆಚ್ಚಾಗಿ ಬಳಸುವುದು ದನದ ಕಾಲಿನ ಮೂಳೆ. ಅದರ ಗೋಡೆ ದಪ್ಪ, ಒಳಗೆ ತೂತುಗಳು ಕಡಿಮೆ. ಮೂಳೆಗೂ ಮರದಂತೆ ಎಳೆ ಇದೆ. ಅದು ಉದ್ದಕ್ಕೆ ಓಡುತ್ತದೆ. ಗಾಳದ ಕಾಲು ಎಳೆಯ ಜೊತೆಗೇ ಬರುವಂತೆ ಪೆನ್ಸಿಲ್ ಗುರುತು ಹಾಕಿ. ಆಗ ಬಾಗು ಎಳೆಗೆ ಅಡ್ಡ ಬೀಳುತ್ತದೆ, ಅದನ್ನು ತಪ್ಪಿಸಲಾಗದು. ಮುರಿಯುವುದಾದರೆ ಅಲ್ಲೇ ಮುರಿಯುತ್ತದೆ. ಆದ್ದರಿಂದ ಬಾಗಿನಲ್ಲಿ ನಿಮಗೆ ಬೇಕೆನಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ದಪ್ಪ ಬಿಡಿ.

ಮೊದಲು ಗಾಳದ ಕಾಲಿಗೂ ಮುಳ್ಳಿಗೂ ನಡುವೆ ಖಾಲಿಯಾಗಬೇಕಾದ ಜಾಗದಲ್ಲಿ ಒಂದು ತೂತು ಕೊರೆಯಿರಿ. ಅಕ್ಕಸಾಲಿಗರ ಸಣ್ಣ ಗರಗಸದ ಅಲಗನ್ನು ಅದರಲ್ಲಿ ತೂರಿಸಿ ಒಳಬಾಗನ್ನು ಕತ್ತರಿಸಿ. ಹೊರಗಿನ ಗೆರೆ ಆಮೇಲೆ. ಹೊರಗಿನ ತುಂಡು ಇರುವಷ್ಟು ಹೊತ್ತು ಹಿಡಿದುಕೊಳ್ಳಲು ಜಾಗವಿರುತ್ತದೆ, ಮೂಳೆಯೂ ಗಟ್ಟಿಯಾಗಿ ನಿಲ್ಲುತ್ತದೆ. ಮುಳ್ಳಿನ ತುದಿಯನ್ನು ಕೊನೆಯವರೆಗೂ ಮೊಂಡಾಗಿಯೇ ಬಿಟ್ಟಿರಿ. ಆಮೇಲೆ ಅರ, ಅದಾದ ಮೇಲೆ ಮರಳು ಕಾಗದ, ಒರಟಿನಿಂದ ನಯಕ್ಕೆ: 120, 240, 400, 600, 1200. ಕಾಗದ ಬದಲಿಸಿದಾಗಲೆಲ್ಲ ಉಜ್ಜುವ ದಿಕ್ಕನ್ನೂ ಬದಲಿಸಿ. ಹಿಂದಿನ ಗೀರು ಉಳಿದಿದ್ದರೆ ಅಡ್ಡಡ್ಡ ಕಾಣುತ್ತದೆ. ಅದು ಪೂರ್ತಿ ಹೋಗುವವರೆಗೆ ಮುಂದಿನ ಕಾಗದ ಮುಟ್ಟಬೇಡಿ. ಒಳಬಾಗಿಗೆ ಪೆನ್ಸಿಲ್ಲಿಗೆ ಸುತ್ತಿದ ಕಾಗದ ಸಾಕು. ಅಲ್ಲಿ ಹಿಡಿಯುವಷ್ಟು ಹೊತ್ತು ಬೇರೆಲ್ಲೂ ಹಿಡಿಯುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಮೂಳೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಮಾಡಿಕೊಂಡು ಉಜ್ಜಿ, ಒಳ್ಳೆಯ ಮಾಸ್ಕ್ ಹಾಕಿ. ಚಿಪ್ಪಿನ ಧೂಳು, ಹಸಿರುಗಲ್ಲಿನ ಧೂಳು ಇದಕ್ಕಿಂತಲೂ ಕೆಟ್ಟವು. ಬಟ್ಟೆ ಕಟ್ಟಿಕೊಂಡರೆ ಸಾಲದು.

ಪ್ರಶ್ನೆ: ಮೂಳೆ ಕುದಿಸಿದರೂ ಜಿಡ್ಡು ಹೋಗುತ್ತಿಲ್ಲ, ಹಳದಿ ಕಲೆ ಇದೆ. ಬ್ಲೀಚಿಂಗ್ ಪೌಡರ್ ಹಾಕಲಾ?

ಉತ್ತರ: ಬೇಡವೇ ಬೇಡ. ಕ್ಲೋರಿನ್ ಮೂಳೆಯೊಳಗಿನ ಅಂಟನ್ನೇ ತಿಂದುಬಿಡುತ್ತದೆ. ಆಮೇಲೆ ಅದು ಸೀಮೆಸುಣ್ಣದ ಹಾಗೆ ಪುಡಿಯಾಗುತ್ತದೆ. ಜೋರಾಗಿ ಕುದಿಸುವುದೂ ತಪ್ಪು, ಸಣ್ಣ ಉರಿಯಲ್ಲಿ ಕಾಯಿಸಿ. ಎರಡೂ ಗೆಣ್ಣು ಕತ್ತರಿಸಿ, ಮಜ್ಜೆಯನ್ನು ಪೂರ್ತಿ ಕೆರೆದು ತೆಗೆಯಿರಿ. ಪಾತ್ರೆ ತೊಳೆಯುವ ಸೋಪಿನ ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ನೀರಿನ ಮೇಲೆ ಜಿಡ್ಡು ತೇಲುವುದು ನಿಲ್ಲುವವರೆಗೆ ನೀರು ಬದಲಿಸುತ್ತಿರಿ. ಬಿಳಿ ಬೇಕೆಂದರೆ ಕೊನೆಗೆ ಔಷಧಿ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್. ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ. ಅಂದಹಾಗೆ, ಹಾಕಿಕೊಂಡ ಮೂಳೆ ಮೈಯ ಎಣ್ಣೆ ಹೀರಿ ನಿಧಾನಕ್ಕೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ನನಗಂತೂ ಆ ಬಣ್ಣವೇ ಇಷ್ಟ.

ಪ್ರಶ್ನೆ: ಹಸಿರುಗಲ್ಲು ಚಾಕುವಿಗೂ ಬಗ್ಗುವುದಿಲ್ಲ ಅಂತಾರೆ. ಕಬ್ಬಿಣವೇ ಇಲ್ಲದ ಕಾಲದಲ್ಲಿ ಮಾವೋರಿಗಳು ಅದನ್ನು ಹೇಗೆ ಕೆತ್ತಿದರು?

ಉತ್ತರ: ಅವರು ಕತ್ತರಿಸಲಿಲ್ಲ, ತೇಯ್ದರು. ಪೌನಾಮು ಅಂತ ಮಾವೋರಿಗಳು ಕರೆಯುವ ಈ ಹಸಿರುಗಲ್ಲಿನಲ್ಲಿ ಹೆಚ್ಚಿನದು ನೆಫ್ರೈಟ್ ಜೇಡ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದು 6ರಿಂದ 6.5. ಮರಳುಗಲ್ಲಿನ ಕಣಗಳು ಹೆಚ್ಚಾಗಿ ಸ್ಫಟಿಕ (ಕ್ವಾರ್ಟ್ಜ್), ಗಡಸುತನ 7. ಈ ಅರ್ಧ, ಒಂದು ಅಂಕದ ವ್ಯತ್ಯಾಸದ ಮೇಲೇ ಇಡೀ ಕಲೆ ನಿಂತಿದೆ. ಮರಳುಗಲ್ಲಿನ ತೆಳುವಾದ ಹಲಗೆ, ನೀರು, ಅದರ ಜೊತೆ ಹಿಂದೆ ಮುಂದೆ ಎಳೆಯುವ ತಾಳ್ಮೆಯ ಕೈ. ಕಲ್ಲಿನ ಎರಡೂ ಮೈಯಲ್ಲಿ ಕಾಲುವೆ ತೇಯ್ದು, ನಡುವೆ ತೆಳುವಾದ ಗೋಡೆ ಉಳಿದಾಗ ಹೊಡೆದು ಬೇರೆ ಮಾಡುತ್ತಿದ್ದರು. ನೆಫ್ರೈಟ್ ಒಳಗೆ ನೂಲಿನಂಥ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಗಡಸಿಗಿಂತ ಅದರ ಬಿಗಿ ದೊಡ್ಡದು. ತೆಳ್ಳಗೆ ತೇಯ್ದರೂ ಸುಲಭಕ್ಕೆ ಒಡೆಯದಿರುವುದು ಅದರಿಂದ. ಬಾಚಿಯ ಅಲಗಿಗೂ ಯುದ್ಧದ ಗದೆಗೂ ಅವರು ಇದನ್ನೇ ಆರಿಸಿದ್ದು ಸುಮ್ಮನೆ ಅಲ್ಲ.

ತೂತು ಕೊರೆಯಲು ಒಂದು ಕಡ್ಡಿ, ಅದಕ್ಕೆ ಭಾರಕ್ಕೆ ಕಟ್ಟಿದ ಕಲ್ಲುಗಳು, ತುದಿಯಲ್ಲಿ ಗಡಸು ಕಲ್ಲಿನ ಮೊನೆ. ಸುತ್ತಿದ ಹಗ್ಗವನ್ನು ಎರಡೂ ಕಡೆ ಎಳೆದರೆ ಕಡ್ಡಿ ತಿರುಗುತ್ತದೆ. ಮೊನೆ ಬೇಗ ಸವೆಯುವುದರಿಂದ ತೂತು ಬಾಯಲ್ಲಿ ಅಗಲ, ಒಳಗೆ ಕಿರಿದು. ಆದ್ದರಿಂದ ಒಂದು ಮೈಯಿಂದ ಅರ್ಧ, ಇನ್ನೊಂದು ಮೈಯಿಂದ ಅರ್ಧ. ಮ್ಯೂಸಿಯಂನಲ್ಲಿ ಹಳೆಯ ಪದಕ ಕಂಡರೆ ಮುಖ ನೋಡುವ ಮೊದಲು ದಾರದ ತೂತು ನೋಡಿ. ನಡುವಿನಲ್ಲಿ ಸೊಂಟದ ಹಾಗೆ ಕಿರಿದಾಗಿದ್ದರೆ ಅದು ಈ ರೀತಿ ಕೊರೆದದ್ದು. ನಾನು ಎಲ್ಲಿಗೆ ಹೋದರೂ ಮೊದಲು ಬಗ್ಗಿ ನೋಡುವುದು ಅದನ್ನೇ. ಕಬ್ಬಿಣ ಬಂದ ಮೇಲೆ ಎಷ್ಟೋ ಬಾಚಿಗಳಿಗೆ ಕೆಲಸವಿಲ್ಲದಾಯಿತು. ಆ ಕಲ್ಲುಗಳನ್ನೇ ತೇಯ್ದು ಹೇ ಟಿಕಿ ಮಾಡಿದರು. ಕೆಲವು ಟಿಕಿಗಳ ನೇರ ಅಂಚಿನಲ್ಲಿ ಹಳೆಯ ಬಾಚಿಯ ಗುರುತು ಇನ್ನೂ ಕಾಣುತ್ತದೆ.

ಚಿಪ್ಪು, ಮೂಳೆಗೆ ಬೇರೆ ದ್ವೀಪಗಳವರು ಹವಳದ ತುಂಡನ್ನೂ ಕಡಲಮುಳ್ಳಿ (ಸೀ ಅರ್ಚಿನ್) ಎಂಬ ಜೀವಿಯ ಮುಳ್ಳನ್ನೂ ಅರದಂತೆ ಬಳಸಿದರು. ಕಡಲು ಕೊಟ್ಟದ್ದನ್ನು ಕಡಲಿನದೇ ಸಾಧನದಿಂದ ತಿದ್ದಿದರು ಅನ್ನುವುದು ನನಗೆ ಇವತ್ತಿಗೂ ಬೆರಗು.

ಪ್ರಶ್ನೆ: ಮಿನಿ ಗ್ರೈಂಡರ್ ಬಳಸಿದರೆ ಅದು ಕೈಕೆತ್ತನೆ ಅಲ್ವಾ?

ಉತ್ತರ: ಕೈಕೆತ್ತನೆಯೇ. ನ್ಯೂಜಿಲೆಂಡಿನ ಹೊಕಿಟಿಕಾದ ಕಲ್ಲುಕೆಲಸದವರೂ ವಜ್ರದ ಪುಡಿ ಹಚ್ಚಿದ ಚಕ್ರವನ್ನೇ ಬಳಸುತ್ತಾರೆ. ಗೆರೆ ಎಲ್ಲಿ ನಿಲ್ಲಬೇಕು ಅಂತ ಕಣ್ಣು, ಕೈ ತೀರ್ಮಾನಿಸಿದರೆ ಸಾಕು. ಕಂಪ್ಯೂಟರಿನಲ್ಲಿ ಒಂದು ಆಕಾರ ಹಾಕಿ ಸಾವಿರ ತುಂಡು ಕತ್ತರಿಸುವುದು ಬೇರೆ ಮಾತು. ಆದರೂ ಮೊದಲ ಗಾಳವನ್ನು ಅರದಿಂದಲೇ ಮಾಡಿ. ಗ್ರೈಂಡರ್ ಜಾಸ್ತಿ ತಿಂದರೆ ವಾಪಸ್ ಬರುವುದಿಲ್ಲ.

ಪ್ರಶ್ನೆ: ನಾನು ಆ ದ್ವೀಪಗಳವನಲ್ಲ. ಹೇ ಟಿಕಿ ಕೆತ್ತಿ ಮಾರುವುದು ಸರಿಯಾ? ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಮಾರುತ್ತಿದ್ದಾರಲ್ಲ.

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೇ ನಿಮಗೆ ಥ್ಯಾಂಕ್ಸ್. ನೇರವಾಗಿ ಹೇಳುತ್ತೇನೆ. ಹೇ ಟಿಕಿ ಮಾರಬೇಡಿ.

ಹಳೆಯ ಹೇ ಟಿಕಿಗಳು ಮನೆತನದ ಆಸ್ತಿ. ಎಷ್ಟೋ ಟಿಕಿಗಳಿಗೆ ಹೆಸರಿದೆ. ತಲೆಮಾರಿನಿಂದ ತಲೆಮಾರಿಗೆ ಕೈ ಬದಲಾಗುತ್ತಾ, ಹಾಕಿಕೊಂಡ ಹಿರಿಯರ ನೆನಪನ್ನು ಹೊತ್ತು ಬಂದಿವೆ. ಅಂಥದೊಂದರ ಫೋಟೋ ನೋಡಿ ನಕಲು ಮಾಡಿ ಮಾರಿದರೆ, ಬೇರೆಯವರ ಅಜ್ಜಿಯನ್ನು ಮಾರಿದಂತೆ. ಇದು ಹೊಸ ಸಂಕಟವೂ ಅಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೇ ನ್ಯೂಜಿಲೆಂಡಿನ ಹಸಿರುಗಲ್ಲು ಜರ್ಮನಿಯ ಇಡಾರ್ ಓಬರ್‌ಸ್ಟೈನ್ ಊರಿನ ಕಲ್ಲು ಕತ್ತರಿಸುವ ಕಾರ್ಖಾನೆಗಳಿಗೆ ಹೋಗಿ, ಟಿಕಿಯಾಗಿ ವಾಪಸ್ ಬರುತ್ತಿತ್ತು.

ಕಲ್ಲಿನ ಒಡೆತನದ್ದೂ ಒಂದು ಕಥೆ. 1997ರಲ್ಲಿ ನ್ಯೂಜಿಲೆಂಡ್ ಕಾನೂನು ಮಾಡಿ, ದಕ್ಷಿಣ ದ್ವೀಪದ ತಮ್ಮ ಸೀಮೆಯಲ್ಲಿ ನೆಲದಲ್ಲಿರುವ ಪೌನಾಮುವನ್ನು ಙಾಯ್ ತಾಹು ಎಂಬ ಮಾವೋರಿ ಬುಡಕಟ್ಟಿಗೆ ಮರಳಿ ಕೊಟ್ಟಿತು. ಆ ಸೀಮೆಯ ಅರಹುರಾ ನದಿಯ ಕಲ್ಲನ್ನು ಯಾರೋ ಕದ್ದು ಸಾಗಿಸಿದರೆ ಅದು ಅವರ ಮನೆಯಿಂದ ಕದ್ದಂತೆ. ಕಲ್ಲು ಕೊಳ್ಳುವಾಗ ಎಲ್ಲಿಂದ ಬಂತು ಅಂತ ಕೇಳಿ. ಬೇರೆ ದೇಶಗಳ ನೆಫ್ರೈಟ್ ಕೂಡ ಮಾರುಕಟ್ಟೆಯಲ್ಲಿದೆ. ಅದರಲ್ಲಿ ಕೆತ್ತುವುದು ತಪ್ಪಲ್ಲ, ಆದರೆ ಅದನ್ನು ಪೌನಾಮು ಅಂತ ಕರೆಯುವುದು ಸುಳ್ಳು.

ಹಾಗಾದರೆ ಏನು ಮಾಡಬಹುದು? ಕಲಿಯಲು ನಕಲು ಮಾಡಿ, ಮನೆಯಲ್ಲೇ ಇಟ್ಟುಕೊಳ್ಳಿ. ಮಾರುವುದಾದರೆ ಗಾಳ, ಅಲೆ, ಎಲೆ ಹೀಗೆ ನಿಮ್ಮದೇ ಗೆರೆಯಲ್ಲಿ ಮಾಡಿ. ಯಾವ ಜನರ ಕೆಲಸ ನೋಡಿ ಕಲಿತಿರಿ ಅಂತ ಬರೆಯಿರಿ, ಮಾಡಿದವರು ನೀವು ಅಂತಲೂ ಬರೆಯಿರಿ. ಮಾವೋರಿ ಕಲಾವಿದರ ಕೆಲಸವನ್ನು ಗುರುತಿಸಲೆಂದೇ 2002ರಲ್ಲಿ ತೋಯಿ ಇಹೋ ಎಂಬ ಮುದ್ರೆ ಬಂತು. ನಿಜವಾದ ಹೇ ಟಿಕಿ ಬೇಕಾದವರನ್ನು ಅಂಥವರ ಹತ್ತಿರ ಕಳಿಸಿ. ಆ ಕೈಗಳಿಗೆ ಕೆಲಸ ಸಿಗಬೇಕು. ರೊಟೊರುವಾದಲ್ಲಿ ಮರ, ಕಲ್ಲು, ಮೂಳೆ ಕೆತ್ತನೆ ಕಲಿಸುವ ಶಾಲೆ ಇವತ್ತಿಗೂ ನಡೆಯುತ್ತಿದೆ. ವಿದ್ಯಾರ್ಥಿಗಳು ಅಲ್ಲಿ ವರ್ಷಗಟ್ಟಲೆ ಕಲಿತು ಹೊರಗೆ ಬರುವಾಗ ಮಾರುಕಟ್ಟೆ ತುಂಬ ಅಗ್ಗದ ಪ್ಲಾಸ್ಟಿಕ್ ಟಿಕಿ ಇದ್ದರೆ ಹೇಗೆ ಹೇಳಿ?

ಪ್ರಶ್ನೆ: ಹಸಿರುಗಲ್ಲನ್ನು ನಮಗೆ ನಾವೇ ಕೊಂಡುಕೊಳ್ಳಬಾರದಂತೆ, ನಿಜವಾ?

ಉತ್ತರ: ಇನ್ನೊಬ್ಬರಿಗೆ ಕೊಡುವುದು ಚೆಂದದ ರೂಢಿ. ಅದನ್ನು ಎಲ್ಲರಿಗೂ ಅನ್ವಯಿಸುವ ಕಟ್ಟುನಿಟ್ಟಿನ ನಿಯಮ ಅಂದುಕೊಳ್ಳಬೇಕಿಲ್ಲ. ನಿಮಗೇ ಬೇಕಿದ್ದರೆ ತೆಗೆದುಕೊಳ್ಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಬ್ಬರು ಹಳೆಯ ತಿಮಿಂಗಿಲದ ಹಲ್ಲು ಮಾರುತ್ತಿದ್ದಾರೆ. ಹವಾಯಿ ಶೈಲಿಯ ಪದಕ ಮಾಡಲು ಕೊಳ್ಳಲಾ?

ಉತ್ತರ: ಕೊಳ್ಳಬೇಡಿ. ನೀವು ಹೇಳುವ ಪದಕ ಲೇ ನಿಹೋ ಪಲಾವೊವಾ. ಸ್ಪರ್ಮ್ ತಿಮಿಂಗಿಲದ ಹಲ್ಲಿನಿಂದ ಮಾಡಿದ ನಾಲಗೆಯಂಥ ಕೊಕ್ಕೆ, ಮನುಷ್ಯರ ಕೂದಲನ್ನು ಸಣ್ಣಗೆ ಹೆಣೆದ ನೂರಾರು ಎಳೆಗಳ ಹಾರಕ್ಕೆ ತೂಗುತ್ತದೆ. ಅದು ಅಲ್ಲಿನ ಅರಸು ಮನೆತನದವರದು. ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ತಡೆಯುವ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿ ಸ್ಪರ್ಮ್ ತಿಮಿಂಗಿಲ ಇದೆ, ಅಂದರೆ ವ್ಯಾಪಾರಕ್ಕಾಗಿ ದೇಶ ದಾಟಿಸುವಂತಿಲ್ಲ. ಫಿಜಿಯಲ್ಲಿ ತಬುವಾ ಎಂಬ ಹಲ್ಲನ್ನು ಮದುವೆ, ಸಾವು, ಕ್ಷಮೆ ಕೇಳುವ ಹೊತ್ತಿನಲ್ಲಿ ಇವತ್ತಿಗೂ ಕೈಗೆ ಕೊಡುತ್ತಾರೆ. ಅದನ್ನೂ ಪರವಾನಗಿ ಇಲ್ಲದೆ ದೇಶದ ಹೊರಗೆ ಒಯ್ಯುವಂತಿಲ್ಲ. ದನದ ಮೂಳೆಯಲ್ಲಿ ಮಾಡಲಾಗದ ಗೆರೆ ಯಾವುದೂ ಇಲ್ಲ. ಅದನ್ನೇ ಚೆನ್ನಾಗಿ ಕೆತ್ತಿ.

ಪ್ರಶ್ನೆ: ಮರದಲ್ಲಿ ಕೆತ್ತುವ ಆಸೆ. ಮಾರ್ಕೆಸಸ್‌ನವರು ಯಾವ ಮರ ಬಳಸುತ್ತಾರೆ?

ಉತ್ತರ: ತೌ ಮತ್ತು ಮೀರೊ. ಮೀರೊ ಅಂದರೆ ನಾವು ಹೂವರಸಿ ಅನ್ನುವ ಮರವೇ, ಕಡಲಂಚಿನಲ್ಲಿ ಹಳದಿ ಹೂ ಬಿಡುತ್ತದೆ. ಒಳತಿರುಳು ಕೆಂಪುಕಂದು, ಎಳೆ ನಯ, ಸಣ್ಣ ಗೆರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಾರ್ಕೆಸಸ್ ಕೆಲಸದ ಗುಟ್ಟು ಎಂದರೆ ಖಾಲಿ ಜಾಗ ಬಿಡದಿರುವುದು. ದೊಡ್ಡ ಕಣ್ಣಿನ ಮುಖ, ಅದರ ಕಣ್ಣೊಳಗೆ ಮತ್ತೊಂದು ಮುಖ. ಅವರ ಉಉ ಎಂಬ ಗದೆಯ ತಲೆಯನ್ನು ಹತ್ತಿರದಿಂದ ನೋಡಿ, ಕಣ್ಣಿನ ಗುಡ್ಡೆ ಇರಬೇಕಾದ ಜಾಗದಲ್ಲಿ ಪುಟ್ಟ ತಲೆ ಇರುತ್ತದೆ. 2024ರಲ್ಲಿ ಈ ದ್ವೀಪಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಪ್ರಶ್ನೆ: ಪದಕ ಚೆನ್ನಾಗಿದೆ, ದಾರವೇ ಪದೇ ಪದೇ ತುಂಡಾಗುತ್ತದೆ.

ಉತ್ತರ: ತಪ್ಪು ದಾರದ್ದಲ್ಲ, ತೂತಿನದು. ತೂತಿನ ಅಂಚು ಚೂಪಾಗಿದ್ದರೆ ಯಾವ ದಾರವೂ ಉಳಿಯುವುದಿಲ್ಲ. ಸಣ್ಣ ಮರಳು ಕಾಗದವನ್ನು ಕಡ್ಡಿಯಂತೆ ಸುರುಳಿ ಮಾಡಿ, ಎರಡೂ ಬಾಯಿಯನ್ನು ಒಳಗಿನವರೆಗೆ ದುಂಡಗೆ ಉಜ್ಜಿ. ಮೇಣ ಹಚ್ಚಿದ ಹತ್ತಿ ಅಥವಾ ನೈಲಾನ್ ದಾರವನ್ನು ನಾಲ್ಕೆಳೆಯಲ್ಲಿ ಹೆಣೆಯಿರಿ. ಮಾವೋರಿಗಳು ಹರಕೆಕೆ ಗಿಡದ ಎಲೆಯಿಂದ ತೆಗೆದ ನಾರನ್ನು ತೊಡೆಯ ಮೇಲೆ ಹೊಸೆದು ಹೆಣೆಯುತ್ತಿದ್ದರು, ಕೊಂಡಿಗೆ ಹಕ್ಕಿಯ ಮೂಳೆಯ ತುಂಡು. ಕೆತ್ತುವಾಗ ಉಳಿದ ಮೂಳೆಯಲ್ಲಿ ನೀವೂ ಒಂದು ಸಣ್ಣ ಕೊಂಡಿ ಮಾಡಿಕೊಳ್ಳಬಹುದು. ಕುಣಿಕೆ ಅದರ ಮೇಲೆ ಕಷ್ಟಪಟ್ಟು ದಾಟುವಷ್ಟು ಬಿಗಿಯಾಗಿರಲಿ.