ಹಳೆಯ ಮಿಯಾಟಾಗೆ ಚುರುಕು ತರಲು ದುಡ್ಡು ಎಲ್ಲಿ ಹಾಕಬೇಕು?

ಈ ಸಲ ಬಂದ ಪತ್ರಗಳಲ್ಲಿ ಮಾಜ್ದಾದ ಪುಟ್ಟ ಎರಡು ಸೀಟಿನ ಕಾರಿನದೇ ಮೇಲುಗೈ. ಅಮೆರಿಕದಲ್ಲಿ ಅದು ಮಿಯಾಟಾ, ಬ್ರಿಟನ್ನಿನಲ್ಲಿ ಎಂಎಕ್ಸ್-5, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. 1989ರ ಷಿಕಾಗೋ ಆಟೋ ಶೋದಲ್ಲಿ ಮೊದಲ ಬಾರಿ ಕಾಣಿಸಿಕೊಂಡು 1997ರವರೆಗೆ ತಯಾರಾದ ಮೊದಲ ಪೀಳಿಗೆಯ ಬಗ್ಗೆಯೇ ಮೂವರು ಬರೆದಿದ್ದಾರೆ. ನಾಲ್ಕನೆಯ ಪತ್ರ ಬೆಂಗಳೂರಿನದು, ಬೇರೆ ಕಾರಿನದು. ಆದರೂ ಅದಕ್ಕೆ ಇಲ್ಲಿಯೇ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: 1991ರ ಮಿಯಾಟಾ ಕೊಂಡಿದ್ದೇನೆ. 1.6 ಲೀಟರ್ ಎಂಜಿನ್, 1,40,000 ಮೈಲಿ ಓಡಿದೆ. ಕೈಯಲ್ಲಿ ಸುಮಾರು 1,500 ಡಾಲರ್ ಇದೆ. ಏರ್ ಫಿಲ್ಟರ್ ಕಿಟ್, ಸೈಲೆನ್ಸರ್ ಮತ್ತು ಎಂಜಿನ್ ಕಂಪ್ಯೂಟರಿಗೆ ಚಿಪ್ ಹಾಕಿಸೋಣ ಎಂದುಕೊಂಡಿದ್ದೇನೆ. ಇದುವರೆಗೆ ಸ್ಪ್ಯಾನರ್ ಹಿಡಿದವನಲ್ಲ. ಯಾವುದು ಮೊದಲು?
— ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಮೂರೂ ಬೇಡ. ಕಾರಖಾನೆಯಿಂದ ಹೊರಬಂದಾಗಲೇ ಈ ಎಂಜಿನ್ನಿನ ಶಕ್ತಿ 116 ಅಶ್ವಶಕ್ತಿ. ಫಿಲ್ಟರ್, ಸೈಲೆನ್ಸರ್ ಬದಲಿಸಿದರೆ ಅದಕ್ಕೆ ಸೇರುವುದು ನಿಮ್ಮ ಪಾದಕ್ಕೆ ಗೊತ್ತೇ ಆಗದಷ್ಟು. ಗೊತ್ತಾಗುವುದು ಕಿವಿಗೆ ಮಾತ್ರ. ಬಾನೆಟ್ ಒಳಗೆ ಬಯಲಾಗಿ ಕೂರುವ ಶಂಕುವಿನಾಕಾರದ ಫಿಲ್ಟರ್ ರೇಡಿಯೇಟರಿನ ಬಿಸಿ ಗಾಳಿಯನ್ನೇ ಹೀರುತ್ತದೆ, ಆದ್ದರಿಂದ ಇದ್ದ ಶಕ್ತಿಯೂ ಸ್ವಲ್ಪ ಕುಗ್ಗಬಹುದು. ಮೇಲಾಗಿ ನೀವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ 1976 ಮತ್ತು ನಂತರದ ಪೆಟ್ರೋಲ್ ಕಾರುಗಳು ಹೊಗೆ ತಪಾಸಣೆ ದಾಟಲೇಬೇಕು. ರಾಜ್ಯದ ವಾಯುಮಂಡಳಿಯ ಅನುಮತಿ ಸಂಖ್ಯೆ ಇಲ್ಲದ ಫಿಲ್ಟರ್ ಕಿಟ್ ಕಣ್ಣಿಗೆ ಬಿದ್ದರೆ ಹೊಗೆ ಎಷ್ಟೇ ಶುದ್ಧವಾಗಿದ್ದರೂ ಕಾರು ಫೇಲ್.

ಈ ಕಾರಿನ ಸೊಗಸು ಇರುವುದು ಹಗುರದಲ್ಲಿ. ತೂಕ ಒಂದು ಟನ್ನಿನ ಆಸುಪಾಸು, ಅದು ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಗಿ ಹಂಚಿದೆ, ನಾಲ್ಕೂ ಮೂಲೆಯಲ್ಲಿ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಬ್ಯಾಟರಿಯನ್ನೂ ಡಿಕ್ಕಿಯಲ್ಲಿ ಇಟ್ಟಿದ್ದಾರೆ. ಕುದುರೆಯೂ ಸವಾರನೂ ಒಂದೇ ದೇಹವಾಗಬೇಕು ಎಂಬ ಜಪಾನೀ ಮಾತನ್ನೇ ಮಾಜ್ದಾ ಎಂಜಿನಿಯರುಗಳು ಇದರ ಗುರಿಯಾಗಿಸಿಕೊಂಡಿದ್ದರು. ಮೂವತ್ತು ವರ್ಷ ದಾಟಿದ ಮೇಲೆ ಹಾಳಾಗಿರುವುದೂ ಅದೇ ಜಾಗದಲ್ಲಿ: ರಬ್ಬರ್ ಬುಷ್ ಸವೆದಿದೆ, ಶಾಕ್ ಅಬ್ಸಾರ್ಬರ್ ಸತ್ತಿದೆ, ಟೈರ್ ಗಟ್ಟಿಯಾಗಿದೆ. ಆದ್ದರಿಂದ ನಿಮ್ಮ 1,500 ಡಾಲರಿನಲ್ಲಿ ಸಿಂಹಪಾಲು ಟೈರಿಗೂ ಬ್ರೇಕಿಗೂ ಹೋಗಲಿ.

ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ನೋಡಿ. 2316 ಎಂದಿದ್ದರೆ ಅದು 2016ರ 23ನೇ ವಾರದಲ್ಲಿ ಹುಟ್ಟಿದ್ದು. ಗೀರು ಎಷ್ಟೇ ಆಳವಾಗಿರಲಿ, ಆ ವಯಸ್ಸಿನ ರಬ್ಬರ್ ರಸ್ತೆಯನ್ನು ಹಿಡಿಯುವುದಿಲ್ಲ. ಮೂಲ ಅಳತೆ 185/60, 14 ಇಂಚು. ಆ ಅಳತೆಯಲ್ಲಿ ಒಳ್ಳೆಯ ಟೈರುಗಳ ಆಯ್ಕೆ ಈಗ ಕಡಿಮೆ, ಹಾಗಾಗಿ 15 ಇಂಚಿನ ಹಗುರ ಚಕ್ರಕ್ಕೆ 195/50 ಹಾಕುವುದು ಬಲ್ಲವರ ರೂಢಿ. 17 ಇಂಚಿನ ಚಕ್ರ ಫೋಟೋಗೆ ಚೆನ್ನ, ಆದರೆ ಆ ತೂಕವನ್ನು ಎಳೆಯುವುದು ಇದೇ 116 ಅಶ್ವಶಕ್ತಿ.

ಬ್ರೇಕಿಗೆ ದೊಡ್ಡ ಡಿಸ್ಕ್ ಸದ್ಯಕ್ಕೆ ಬೇಡ. ಒಳ್ಳೆಯ ಪ್ಯಾಡ್, ಹೊಸ ಹೋಸ್ ಮತ್ತು ಹೊಸ ಬ್ರೇಕ್ ದ್ರವ ಸಾಕು. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗಿ ಒಳಗೆ ಹೋಗುವುದಕ್ಕೆ ಹಳೆಯ ದ್ರವವೇ ಸಾಮಾನ್ಯ ಕಾರಣ.

ಉಳಿದ ಹಣದಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿ. ಬರಿಯ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವುದನ್ನು, ಸರಿಮಾಡಿ ಕಳಿಸುವ ಅಂಗಡಿಗೆ ಹೋಗಬೇಡಿ. ಈ ಕಾರಿನಲ್ಲಿ ಮುಂದೆಯೂ ಹಿಂದೆಯೂ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿಯ ವಾಲು, ಹೊಂದಿಸಬಹುದು. ಮುಂದೆ ಸುಮಾರು ಒಂದು ಡಿಗ್ರಿ, ಹಿಂದೆ ಒಂದೂವರೆ ಡಿಗ್ರಿ ಒಳವಾಲು ರಸ್ತೆಗೆ ಹಿತವಾದ ಆರಂಭ. ಹೊಂದಿಸುವ ಬೋಲ್ಟುಗಳು ತುಕ್ಕಿನಿಂದ ಕಚ್ಚಿಕೊಂಡಿರುವುದುಂಟು. ಕೆಲವು ದಿನ ಮುಂಚೆಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಇಡಿ. ಶಾಕ್ ಅಬ್ಸಾರ್ಬರಿಗೆ ಮುಂದಿನ ಕಂತಿನ ಹಣ ಬರಲಿ. ಅಲ್ಲಿಯವರೆಗೆ ಯಾರು ಹೇಳಿದರೂ ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಬೇಡಿ. ಇದರ ಸಸ್ಪೆನ್ಷನ್ನಿಗೆ ಮೇಲೆ ಕೆಳಗೆ ಆಡುವ ಜಾಗವೇ ಕಡಿಮೆ.

ಸ್ಪ್ಯಾನರ್ ಹಿಡಿದವನಲ್ಲ ಎಂದಿರಲ್ಲ, ಕೈ ಪಳಗಿಸಲು ಒಂದು ಕೆಲಸ ಹೇಳುತ್ತೇನೆ. ಗೇರ್ ಲಿವರ್ ಬುಡದ ದುರಸ್ತಿ. ಗೇರಿನ ಗುಂಡು ತಿರುಗಿಸಿ ತೆಗೆದು, ಕನ್ಸೋಲ್ ಎತ್ತಿದರೆ ಕೆಳಗೆ ರಬ್ಬರ್ ಮುಸುಕು ಕಾಣುತ್ತದೆ. ಈ ವಯಸ್ಸಿನ ಕಾರಿನಲ್ಲಿ ಅದು ಹರಿದಿರುವುದೇ ಹೆಚ್ಚು. ಚಳಿಗಾಲದಲ್ಲೂ ಕಾಲಿನ ಬಳಿ ಬಿಸಿ ಗಾಳಿ ಬರುತ್ತಿದ್ದರೆ ಅದು ಇಲ್ಲಿಂದಲೇ. ಅದರಡಿಯ ಮೂರು ಬೋಲ್ಟ್ ಬಿಚ್ಚಿ ಲಿವರನ್ನು ನೇರವಾಗಿ ಮೇಲೆತ್ತಿ. ತುದಿಯ ಗುಂಡಿಗೆ ಸಿಕ್ಕಿಸಿದ ನೈಲಾನ್ ಬಟ್ಟಲು ಹಳದಿಗಟ್ಟಿ ಸೀಳಿರುತ್ತದೆ, ಒಮ್ಮೊಮ್ಮೆ ಚೂರಾಗಿ ಕೆಳಗೇ ಬಿದ್ದಿರುತ್ತದೆ. ಲಿವರ್ ಕೂರುವ ಆ ಕುಳಿಯ ಎಣ್ಣೆ ಗೇರ್‌ಬಾಕ್ಸಿನ ಎಣ್ಣೆಗಿಂತ ಬೇರೆಯಾಗಿಯೇ ನಿಂತಿರುತ್ತದೆ, ಆದ್ದರಿಂದ ಗೇರ್‌ಬಾಕ್ಸ್ ಎಣ್ಣೆ ಬದಲಿಸುವವರು ಅದನ್ನು ಮುಟ್ಟಿಯೇ ಇರುವುದಿಲ್ಲ. ಕಪ್ಪು ಎಣ್ಣೆಯನ್ನು ಹೀರಿ ತೆಗೆದು, ಹೊಸ 75ಡಬ್ಲ್ಯು-90 ಗೇರ್ ಎಣ್ಣೆ ಸುರಿದು, ಹೊಸ ಬಟ್ಟಲು, ಹೊಸ ಮುಸುಕು ಹಾಕಿ ಮುಚ್ಚಿ. ಖರ್ಚು ಚಿಲ್ಲರೆ, ಹಿಡಿಯುವ ಸಮಯ ಒಂದು ಮಧ್ಯಾಹ್ನ. ಗಂಜಿಯಲ್ಲಿ ಸೌಟು ಆಡಿಸಿದಂತಿದ್ದ ಲಿವರ್ ಮರುದಿನ ಟಕ್ಕೆಂದು ಗೇರಿಗೆ ಬೀಳುತ್ತದೆ. ಈ ಕಾರಿಗೆ ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ಸಂತೋಷ ಕೊಡುವ ಇನ್ನೊಂದು ಕೆಲಸವನ್ನು ನಾನು ಕಂಡಿಲ್ಲ.

ಎಲ್ಲ ಮುಗಿದ ಮೇಲೆ ಅಮೆರಿಕದ ಸ್ಪೋರ್ಟ್ಸ್ ಕಾರು ಕ್ಲಬ್ಬಾದ ಎಸ್‌ಸಿಸಿಎ ನಡೆಸುವ ಆಟೋಕ್ರಾಸಿಗೆ ಹೆಸರು ಕೊಡಿ. ಖಾಲಿ ಮೈದಾನದಲ್ಲಿ ಶಂಕುಗಳ ನಡುವೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ ಅದು. ಮೂಲ ಸ್ಥಿತಿಗೆ ಹತ್ತಿರವಿರುವ ಕಾರುಗಳಿಗೆ ಅಲ್ಲಿ ಬೇರೆ ವರ್ಗವಿದೆ. ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್ ಬದಲಿಸಿದರೆ ಅಡ್ಡಿಯಿಲ್ಲ. ನೀವು ಆಸೆಪಟ್ಟ ಆ ಫಿಲ್ಟರ್ ಕಿಟ್ ಹಾಕಿದರೆ ಮಾತ್ರ ನಿಮಗಿಂತ ಬಲವಾದ ಕಾರುಗಳ ವರ್ಗಕ್ಕೆ ದೂಡುತ್ತಾರೆ. ಚಕ್ರದ ಅಗಲಕ್ಕೂ ಅಲ್ಲಿ ನಿಯಮವಿದೆ. 15 ಇಂಚಿಗೆ ದುಡ್ಡು ಕೊಡುವ ಮುನ್ನ ಓದಿಕೊಳ್ಳಿ. ರೇಸ್ ಟ್ರ್ಯಾಕಿಗೆ ಹೋಗುವ ಯೋಚನೆಯಿದ್ದರೆ ಮೊದಲು ಸೀಟಿನ ಹಿಂದೆ ರೋಲ್ ಬಾರ್, ಅಂದರೆ ತಲೆ ಕಾಯುವ ಉಕ್ಕಿನ ಕಮಾನು, ಹಾಕಿಸಿ. ಕಾರು ಮಗುಚಿದಾಗ ಗಾಜಿನ ಚೌಕಟ್ಟು ನಿಮ್ಮ ತಲೆಯನ್ನು ಕಾಯುತ್ತದೆಂದು ನಂಬಬೇಡಿ.

ಪ್ರಶ್ನೆ: ನನ್ನದು 1990ರ ಮಾದರಿ. ಇತ್ತೀಚೆಗೆ ಎಳೆತ ಕಡಿಮೆಯಾಗಿದೆ. ಟರ್ಬೊ ಕಿಟ್ ಹಾಕಿಸು, ಎಲ್ಲ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಹಾಕಿಸಲೇ?
— ಓದುಗರು, ಎಡಿಸನ್, ನ್ಯೂಜೆರ್ಸಿ

ಉತ್ತರ: ಗೆಳೆಯರನ್ನು ಸ್ವಲ್ಪ ದೂರ ಇಡಿ. ಇದ್ದ ಶಕ್ತಿ ಎಲ್ಲಿ ಸೋರಿತು ಎಂದು ಗೊತ್ತಿಲ್ಲದೆ ಹೊಸ ಶಕ್ತಿ ತುರುಕುವುದು ಎಂಜಿನ್ ಒಡೆಯುವ ಹತ್ತಿರದ ದಾರಿ.

1990 ಮತ್ತು 1991ರ ಆರಂಭದ ಎಂಜಿನ್ನುಗಳಿಗೆ ಒಂದು ಪ್ರಸಿದ್ಧ ರೋಗವಿದೆ. ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟಿನ ಮೂತಿ ಮೋಟಾಗಿದ್ದ ಕಾರಣ ಮುಂದಿನ ಪುಲ್ಲಿಯ ಬೋಲ್ಟ್ ಸಡಿಲವಾಗಿ, ಕೀಲಿ ಕೂರುವ ತೋಡು ಸವೆದು, ಕವಾಟಗಳು ತೆರೆದು ಮುಚ್ಚುವ ಟೈಮಿಂಗ್ ಜಾರುತ್ತದೆ. ಕಾರು ನಿಶ್ಶಕ್ತವಾಗುವುದು ಅದರ ಮೊದಲ ಲಕ್ಷಣ. ಹಿಂದೆ ಯಾರೋ ಟೈಮಿಂಗ್ ಬೆಲ್ಟ್ ಬದಲಿಸುವಾಗ ಆ ಬೋಲ್ಟನ್ನು ಸರಿಯಾದ ಬಿಗಿತಕ್ಕೆ ಕೂರಿಸದಿದ್ದರೆ ರೋಗ ಅಲ್ಲಿಂದಲೇ ಶುರು. ಕೆಳಗಿನ ಪುಲ್ಲಿಯ ಮುಖದಲ್ಲಿ ನಾಲ್ಕು ಸೀಳುಗಳಿದ್ದರೆ ನಿಮ್ಮದು ಮೋಟು ಮೂತಿ, ಎಂಟಿದ್ದರೆ ಉದ್ದ ಮೂತಿ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಟಾರ್ಚ್ ಹಿಡಿದು ಆ ಪುಲ್ಲಿಯನ್ನೇ ನೋಡಿ. ಓಲಾಡುತ್ತಿದ್ದರೆ ಕಾರನ್ನು ಅಲ್ಲಿಯೇ ನಿಲ್ಲಿಸಿ ಮೆಕ್ಯಾನಿಕ್ಕಿಗೆ ತೋರಿಸಿ. ಓಲಾಟವಿಲ್ಲದಿದ್ದರೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿ, ಇಗ್ನಿಷನ್ ತಂತಿ ಮತ್ತು ಪ್ಲಗ್ ಬದಲಿಸಿ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಕರಿಬಣ್ಣ ಕಳೆದುಕೊಂಡು ಕಂದಾಗಿದ್ದರೆ ಅದು ಬಿರುಕುಬಿಡುವ ದಿನ ದೂರವಿಲ್ಲ, ಅದನ್ನೂ ಬದಲಿಸಿ.

ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಟರ್ಬೊಗೆ ಕಿಟ್ ಒಂದೇ ಸಾಲದು. ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ 9.4:1, ಗಾಳಿ ಅಳೆಯುವುದು ಹಳೆಯ ಕಾಲದ ಕದದಂಥ ಮೀಟರ್. ಇಂಧನ ಹೆಚ್ಚಿಸಲು ಬೇರೆ ಕಂಪ್ಯೂಟರ್, ಗಟ್ಟಿ ಕ್ಲಚ್, ದೊಡ್ಡ ರೇಡಿಯೇಟರ್ ಬೇಕಾಗುತ್ತವೆ. ಅಷ್ಟೆಲ್ಲ ಆದ ಮೇಲೆ ಹಿಂಚಕ್ರಗಳಿಗೆ ಶಕ್ತಿ ಹಂಚುವ 1.6ರ ಚಿಕ್ಕ ಡಿಫರೆನ್ಷಿಯಲ್ ಮುರಿಯಲು ಸಾಲಿನಲ್ಲಿ ನಿಂತಿರುತ್ತದೆ. ಶಕ್ತಿಯೇ ಬೇಕೆಂದಿದ್ದರೆ 1994ರಿಂದ ಬಂದ 1.8 ಲೀಟರ್ ಮಾದರಿಯನ್ನು ಹುಡುಕಿ. ಎಂಜಿನ್, ಡಿಫರೆನ್ಷಿಯಲ್, ಬ್ರೇಕ್ ಮೂರೂ ಅದರಲ್ಲಿ ದೊಡ್ಡವು. ಆಯಾ ವರ್ಷಕ್ಕೆ ತಕ್ಕಂತೆ 128ರಿಂದ 133 ಅಶ್ವಶಕ್ತಿ. ಒಟ್ಟು ಲೆಕ್ಕ ಹಾಕಿದರೆ ಅದೇ ಅಗ್ಗ.

ಪ್ರಶ್ನೆ: 1995ರ ಎಂಎಕ್ಸ್-5, 90 ಅಶ್ವಶಕ್ತಿಯ 1.6. ಇಗ್ನಿಷನ್ ಟೈಮಿಂಗ್ ಮುಂದಕ್ಕೆ ಸರಿಸಿದರೆ ಕಾರು ಚುರುಕಾಗುತ್ತದೆ ಎನ್ನುತ್ತಾರೆ. ನಿಜವೇ?
— ಓದುಗರು, ಮಿಲ್ಟನ್ ಕೀನ್ಸ್, ಇಂಗ್ಲೆಂಡ್

ಉತ್ತರ: ಸ್ವಲ್ಪ ಮಟ್ಟಿಗೆ ನಿಜ. ಇಗ್ನಿಷನ್ ಟೈಮಿಂಗ್ ಎಂದರೆ ಪ್ಲಗ್ಗಿನ ಕಿಡಿ ಹಾರುವ ಸಮಯ. 1.6ರ ಮೂಲ ಮಟ್ಟ 10 ಡಿಗ್ರಿ, 14ಕ್ಕೆ ಸರಿಸುವವರಿದ್ದಾರೆ. ಕೆಳಗಿನ ವೇಗದಲ್ಲಿ ಪ್ರತಿಕ್ರಿಯೆ ಚುರುಕಾಗುತ್ತದೆ, ಆದರೆ ಹೆಚ್ಚು ಆಕ್ಟೇನಿನ ಪೆಟ್ರೋಲ್ ಬೇಕು. ಟೈಮಿಂಗ್ ಲೈಟ್ ಇಲ್ಲದೆ ಅಂದಾಜಿನಲ್ಲಿ ತಿರುಗಿಸುವ ಕೆಲಸವಲ್ಲ. ನಿಮ್ಮದು ಅಗ್ಗದ ಬೆಲೆಗೆಂದೇ ಶಕ್ತಿ ತಗ್ಗಿಸಿ ತಂದ ಮಾದರಿ, ಅದರಿಂದ ಪವಾಡ ನಿರೀಕ್ಷಿಸಬೇಡಿ.

ಬ್ರಿಟನ್ನಿನಲ್ಲಿ ಈ ಕಾರಿನ ನಿಜವಾದ ಶತ್ರು ತುಕ್ಕು. ಮಡಚುವ ಮೇಲ್ಛಾವಣಿಯ ನೀರು ಸೀಟಿನ ಹಿಂದಿನ ಎರಡು ಕೊಳವೆಗಳ ಮೂಲಕ ಹೊರಗೆ ಇಳಿಯಬೇಕು. ಎಲೆ, ಕಸ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್ ಒಳಗೇ ನಿಂತು ಹಿಂಚಕ್ರದ ಮುಂದಿನ ಭಾಗವನ್ನು ತಿಂದುಹಾಕುತ್ತದೆ. ಒಂದು ಲೋಟ ನೀರು ಸುರಿದು ನೋಡಿ. ಕಾರಿನಡಿ ತಕ್ಷಣ ಸುರಿಯದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೂರಿಸಿ ಬಿಡಿಸಿ. ಗಟ್ಟಿ ತಂತಿ ಹಾಕಿದರೆ ಕೊಳವೆ ತೂತಾಗುತ್ತದೆ. ಸಿಲ್ ಕೊಳೆತ ಕಾರು ಅಲ್ಲಿನ ವಾರ್ಷಿಕ ವಾಹನ ತಪಾಸಣೆಯಾದ ಎಂಒಟಿ ದಾಟುವುದಿಲ್ಲ, ಬೆಸುಗೆಯ ಬಿಲ್ಲಿನ ಮುಂದೆ ಉಳಿದೆಲ್ಲ ಖರ್ಚೂ ಚಿಕ್ಕದು. ಯಾವ ಮಾರ್ಪಾಡು ಮಾಡಿದರೂ ವಿಮಾ ಕಂಪನಿಗೆ ತಿಳಿಸಿ, ಅಲಾಯ್ ಚಕ್ರವನ್ನೂ ಬಿಡದೆ.

ಪ್ರಶ್ನೆ: ನನ್ನ ಬಳಿ 2001ರ ಹೋಂಡಾ ಸಿಟಿ ವಿಟೆಕ್ ಇದೆ. ಸ್ಪೋರ್ಟ್ಸ್ ಕಾರಲ್ಲ, ಆದರೆ ನನಗೆ ಅದೇ. ಇಲ್ಲಿ ಏನೆಲ್ಲ ಮಾಡಿಸಬಹುದು?
— ಓದುಗರು, ಬೆಂಗಳೂರು

ಉತ್ತರ: 106 ಅಶ್ವಶಕ್ತಿಯ ಆ ಕಾರನ್ನು ಸ್ಪೋರ್ಟ್ಸ್ ಕಾರೆಂದು ಕರೆಯಲು ನನ್ನ ಅಭ್ಯಂತರವಿಲ್ಲ. ಕಾನೂನು ಮಾತ್ರ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. 15 ವರ್ಷ ದಾಟಿದ ನಿಮ್ಮ ಕಾರಿನ ನೋಂದಣಿ ನವೀಕರಣಕ್ಕೆ ಆರ್‌ಟಿಒ ತಪಾಸಣೆ ಇದ್ದೇ ಇದೆ. ಗುಡುಗುವ ಸೈಲೆನ್ಸರ್ ಅಲ್ಲಿ ಮೊದಲು ಸಿಕ್ಕಿಬೀಳುತ್ತದೆ.

ಮೂಲ ಅಳತೆಯ ಒಳ್ಳೆಯ ಟೈರ್, ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್, ಎಂಜಿನ್ ಕೂರುವ ರಬ್ಬರ್ ಮೌಂಟ್, ಇವುಗಳನ್ನು ಹೊಸದಾಗಿಸಲು ಯಾರ ಅನುಮತಿಯೂ ಬೇಡ. ವೇಗದ ಚಪಲಕ್ಕೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರಿನ ಕರಿ ಟ್ರ್ಯಾಕ್ ಇವೆ. ಸಾರ್ವಜನಿಕರಿಗೆ ತೆರೆದ ದಿನಗಳನ್ನು ವಿಚಾರಿಸಿ ಹೋಗಿ. ಹೊರಡುವ ಮುನ್ನ ಬ್ರೇಕ್ ದ್ರವ ಬದಲಿಸಿ. ಜೋರಾಗಿ ಓಡಿಸಿ ಬಂದ ಮೇಲೆ ಕೊನೆಯ ಸುತ್ತನ್ನು ನಿಧಾನವಾಗಿ ಮುಗಿಸಿ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಕಾದ ಬ್ರೇಕ್ ಒತ್ತಿ ಹಿಡಿದರೆ ಅಲ್ಲಿಯೇ ಕಚ್ಚಿಕೊಳ್ಳಬಹುದು.