ಬಿಸಿಯಾದ ಟೈರಿನ ಗಾಳಿ ಇಳಿಸಬಹುದೇ?

ಪ್ರಶ್ನೆ: ಕಲ್ಲುಗಣಿಯಲ್ಲಿ ಡಂಪರ್ ಓಡಿಸುತ್ತೇನೆ. ಬೆಳಿಗ್ಗೆ 100 ಪಿಎಸ್‌ಐ ಇದ್ದ ಟೈರು ಮಧ್ಯಾಹ್ನದ ಹೊತ್ತಿಗೆ 115 ತೋರಿಸುತ್ತದೆ. ಹೆಚ್ಚಾದಷ್ಟು ಗಾಳಿಯನ್ನು ಬಿಟ್ಟುಬಿಡಬೇಕೆಂದು ಜತೆಗಾರರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಟೈರಿನೊಳಗೆ ಹೊಸದಾಗಿ ಗಾಳಿಯೇನೂ ಸೇರಿಲ್ಲ. ಇದ್ದ ಗಾಳಿಯೇ ಬಿಸಿಯಾಗಿ ಒತ್ತಡ ಏರಿದೆ. ಒಳಗಿನ ಗಾಳಿ 25 ಡಿಗ್ರಿ ಸೆಲ್ಸಿಯಸ್‌ನಿಂದ 65 ಡಿಗ್ರಿಗೆ ಕಾದರೆ 100 ಪಿಎಸ್‌ಐ ಸುಮಾರು 115 ಆಗಲೇಬೇಕು. ಆಗ ನೀವು ವಾಲ್ವ್ ಒತ್ತಿ ಮತ್ತೆ 100ಕ್ಕೆ ಇಳಿಸಿದಿರೆನ್ನೋಣ. ರಾತ್ರಿ ಟೈರು ತಣಿದಾಗ ಅದರಲ್ಲಿ ಉಳಿಯುವುದು ಸುಮಾರು 86 ಪಿಎಸ್‌ಐ ಮಾತ್ರ. ಮರುದಿನ ಅದೇ ಹೊರೆ ಹೊತ್ತಾಗ, ಗಾಳಿ ಕಡಿಮೆಯಿರುವ ಟೈರಿನ ಪಕ್ಕೆಗಳು ಹೆಚ್ಚು ಬಾಗಿ ಹೆಚ್ಚು ಕಾಯುತ್ತವೆ. ಗೇಜು ಮತ್ತೆ ಏರಿದ್ದನ್ನು ಕಂಡು ಮತ್ತೆ ಗಾಳಿ ಬಿಡುತ್ತೀರಿ. ಹೀಗೆ ಕಾಯುತ್ತಾ ಹೋದ ಟೈರಿನ ಒಳಪದರಗಳು ಒಂದನ್ನೊಂದು ಬಿಟ್ಟುಕೊಳ್ಳುತ್ತವೆ, ಮತ್ತು ಆ ಹಾನಿ ಬಹುಮಟ್ಟಿಗೆ ಹೊರಗಿನಿಂದ ಕಾಣಿಸುವುದಿಲ್ಲ.

ತಯಾರಕರು ಸೂಚಿಸುವ ಒತ್ತಡವು ತಣ್ಣಗಿರುವ ಟೈರಿಗೆ ಅನ್ವಯಿಸುವಂಥದ್ದು. ಆಳೆತ್ತರದ ಟೈರುಗಳು ತಣಿಯಲು ಹಲವಾರು ಗಂಟೆಗಳೇ ಬೇಕಾಗುವುದರಿಂದ ಊಟದ ಬಿಡುವಿನಲ್ಲಿ ನೋಡಿದ ಅಳತೆಯನ್ನು ತಣ್ಣನೆಯ ಒತ್ತಡವೆಂದು ನಂಬಬಾರದು. ಪಾಳಿಗೆ ಮೊದಲು, ಯಂತ್ರ ದೀರ್ಘಕಾಲ ನಿಂತಿದ್ದ ಮೇಲೆ, ಸರಿಯಾದ ಗೇಜಿನಿಂದಲೇ ನೋಡಬೇಕು. ಟೈರಿಗೆ ಕೋಲಿನಿಂದ ಬಡಿದು ಸದ್ದು ಕೇಳುವುದು ಅಳತೆಯಲ್ಲ. ಒತ್ತಡ ದಿನವೂ ಮಿತಿಮೀರಿ ಏರುತ್ತಿದ್ದರೆ ಕಾರಣವನ್ನು ಹೊರೆಯಲ್ಲಿ, ವೇಗದಲ್ಲಿ ಹುಡುಕಬೇಕು. ಟೈರಿನ ಮೇಲೆ ತುಂಬಿದಾಗ 22 ಟನ್, ಖಾಲಿಯಿದ್ದಾಗ 10 ಟನ್ ಭಾರ ಬೀಳುವುದಾದರೆ ಸರಾಸರಿ 16 ಟನ್. ಇಡೀ ಪಾಳಿಯ ಸರಾಸರಿ ವೇಗ ಗಂಟೆಗೆ 15 ಕಿಲೋಮೀಟರ್ ಆದರೆ ಇವೆರಡರ ಗುಣಲಬ್ಧ 240. ತಯಾರಕರು ಪ್ರತಿ ಟೈರಿಗೂ ಟಿಕೆಪಿಎಚ್ (ಗಂಟೆಗೆ ಟನ್-ಕಿಲೋಮೀಟರ್) ಎಂಬ ಹೆಸರಿನಲ್ಲಿ ಕೊಡುವ ಮಿತಿಯನ್ನು ಈ ಸಂಖ್ಯೆ ದಾಟಿದ್ದರೆ, ಹೊರೆಯನ್ನೋ ವೇಗವನ್ನೋ ಇಳಿಸಬೇಕೇ ಹೊರತು ಗಾಳಿಯನ್ನಲ್ಲ.

ಪ್ರಶ್ನೆ: ನಮ್ಮ ಲೋಡರಿನ ಒಂದು ಟೈರು ತೀರಾ ಕುಗ್ಗಿತ್ತು. ಚಾಲಕರು ಅದನ್ನು ಹಾಗೆಯೇ ವರ್ಕ್‌ಶಾಪಿನವರೆಗೆ ಓಡಿಸಿಕೊಂಡು ಬಂದರು. ನಿಂತಲ್ಲೇ ಗಾಳಿ ತುಂಬಿಸಿದರೆ ಸಾಲದೇ?

ಉತ್ತರ: ಸಾಲದು, ಇಲ್ಲಿ ಪ್ರಾಣಾಪಾಯವಿದೆ. ಸೂಚಿತ ಒತ್ತಡದ ಶೇ. 80 ಅಥವಾ ಅದಕ್ಕಿಂತ ಕಡಿಮೆ ಗಾಳಿಯಲ್ಲಿ ಓಡಿದ ಟೈರನ್ನು ಬಿಚ್ಚಿ, ಒಳಭಾಗವನ್ನೂ ರಿಮ್ಮನ್ನೂ ಪರೀಕ್ಷಿಸಿದ ನಂತರವೇ ಗಾಳಿ ತುಂಬಬೇಕು. ಇಂಥ ಯಂತ್ರಗಳ ರಿಮ್ ಸಾಮಾನ್ಯವಾಗಿ ಹಲವು ತುಂಡುಗಳದು. ಆ ತುಂಡುಗಳನ್ನು ಕೂಡಿಸಿ ಹಿಡಿಯುವ ಲೋಹದ ಬಳೆಯಾದ ಲಾಕ್ ರಿಂಗನ್ನು ಅದರ ತೋಡಿನಲ್ಲಿ ಬಿಗಿಹಿಡಿದಿರುವುದು ಟೈರಿನ ಒತ್ತಡವೇ. ಗಾಳಿ ಕುಗ್ಗಿ ಓಡುವಾಗ ರಿಂಗು ಜರುಗಿದ್ದರೆ, ಮತ್ತೆ ಗಾಳಿ ತುಂಬುವಾಗ ಅದು ಸಿಡಿದು ಹಾರುತ್ತದೆ. 70 ಪಿಎಸ್‌ಐ ಎಂದರೆ ಅಂಗೈಯಗಲದ, ಅಂದರೆ ನೂರು ಚದರ ಸೆಂಟಿಮೀಟರಿನಷ್ಟು ಜಾಗವನ್ನು ಸುಮಾರು ಅರ್ಧ ಟನ್ ಬಲ ತಳ್ಳುತ್ತಿದೆ ಎಂದರ್ಥ.

ಚಕ್ರದ ನಟ್ಟುಗಳನ್ನು ಸಡಿಲಿಸುವ ಮೊದಲೇ ವಾಲ್ವಿನ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಡಬೇಕು. ಜೋಡಿ ಚಕ್ರವಾಗಿದ್ದರೆ ಒಳಗಿನ ಟೈರಿನದನ್ನೂ ಬಿಡಬೇಕು. ಸದ್ದು ನಿಂತಿತೆಂದು ಗಾಳಿ ಮುಗಿಯಿತೆನ್ನಲಾಗದು, ವಾಲ್ವಿಗೆ ಮಣ್ಣು ಕಟ್ಟಿಕೊಂಡಿರಬಹುದು. ಆದ್ದರಿಂದ ಒಂದು ತಂತಿಯನ್ನು ಒಳಕ್ಕೆ ಆಡಿಸಿ ಖಚಿತಪಡಿಸಿಕೊಳ್ಳಬೇಕು. ಮರುಜೋಡಣೆಯಲ್ಲಿ ಬಿರುಕು ಬಿಟ್ಟ, ತುಕ್ಕು ತಿಂದ ಅಥವಾ ಬೇರೆ ರಿಮ್ಮಿನ ರಿಂಗುಗಳನ್ನು ಬಳಸಬಾರದು. ಹೊಂದಿಕೊಂಡಂತೆ ಕಾಣುವ ಎರವಲು ರಿಂಗೇ ಎಲ್ಲಕ್ಕಿಂತ ಮೋಸದ್ದು. ಗಾಳಿ ತುಂಬುವಾಗ ವಾಲ್ವಿಗೆ ತಾನೇ ಕಚ್ಚಿಕೊಳ್ಳುವ ಚಕ್, ಗೇಜು ಮತ್ತು ಉದ್ದನೆಯ ಹೋಸ್ ಇರಲಿ. ಚಕ್ರ ರಕ್ಷಣಾ ಪಂಜರದೊಳಗಿರಲಿ, ತುಂಬುವವರು ರಿಂಗು ಹಾರಬಹುದಾದ ನೇರದಿಂದ ಪಕ್ಕಕ್ಕೆ ದೂರ ನಿಂತಿರಲಿ. ರಿಂಗು ಕೂರಲಿಲ್ಲವೆಂದು ಗಾಳಿಯಿರುವಾಗಲೇ ಸುತ್ತಿಗೆಯಿಂದ ಬಡಿಯುವ ಅಭ್ಯಾಸ ಕೆಲವರಿಗಿದೆ. ಎಷ್ಟೇ ಅನುಭವವಿದ್ದರೂ ಅದನ್ನು ಬಿಡಬೇಕು.

ಪ್ರಶ್ನೆ: ದಿನವೂ ಪಾಳಿಗೆ ಮೊದಲು ಏನೇನು ನೋಡಬೇಕು?

ಉತ್ತರ: ಪಕ್ಕೆಯ ಸೀಳು ಮತ್ತು ಉಬ್ಬು, ದಾರ ಕಾಣುವಷ್ಟು ಆಳದ ಗಾಯ, ಜೋಡಿ ಚಕ್ರಗಳ ನಡುವೆ ಸಿಕ್ಕಿಕೊಂಡ ಕಲ್ಲು, ರಬ್ಬರನ್ನು ಮೆತ್ತಗಾಗಿಸುವ ಎಣ್ಣೆ ಅಥವಾ ಗ್ರೀಸಿನ ಸೋರಿಕೆ, ವಾಲ್ವಿನ ಮುಚ್ಚಳ ಇವನ್ನು ನೋಡಿ. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದ್ದರೆ ನಟ್ಟು ಸಡಿಲವಾಗಿರುವ ಸೂಚನೆ.

ಪ್ರಶ್ನೆ: ತುಕ್ಕು ಹಿಡಿದ ಚಕ್ರದ ನಟ್ಟನ್ನು ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಬಿಚ್ಚಬಹುದೇ? ಟೈರಿನ ಗಾಳಿ ತೆಗೆದಿರುತ್ತೇವೆ.

ಉತ್ತರ: ಗಾಳಿ ತೆಗೆದಿದ್ದರೂ ಕೂಡದು. ರಿಮ್ಮಿನ ಮೇಲೆ ಟೈರು ಇರುವಾಗ ಅದಕ್ಕೆ ಜ್ವಾಲೆಯನ್ನಾಗಲಿ ವೆಲ್ಡಿಂಗ್ ಶಾಖವನ್ನಾಗಲಿ ತಗಲಿಸಬಾರದು. ಕಾದ ರಬ್ಬರು ಒಳಗೊಳಗೇ ಕೊಳೆತಂತಾಗಿ ಉರಿಯುವ ಅನಿಲಗಳನ್ನು ಬಿಡುತ್ತದೆ. ಅವು ಒಳಗಿನ ಆಮ್ಲಜನಕದೊಡನೆ ಬೆರೆತು ಹೊತ್ತಿಕೊಂಡರೆ ಟೈರು ಸ್ಫೋಟಿಸುತ್ತದೆ. ಹೊರಗಿನ ಕೆಲಸ ಮುಗಿದು ಬೆಂಕಿ ಆರಿಸಿದ ಮೇಲೂ ಒಳಗಿನ ಈ ಕ್ರಿಯೆ ಮುಂದುವರಿಯಬಲ್ಲದು. ಸಾರಜನಕ ತುಂಬಿ ಆಮ್ಲಜನಕದ ಪ್ರಮಾಣ ತಗ್ಗಿಸಿದರೆ ಅಪಾಯ ಕಡಿಮೆಯಾಗುತ್ತದೆ, ಆದರೆ ಅದು ಜ್ವಾಲೆ ಹಿಡಿಯಲು ಪರವಾನಗಿಯಲ್ಲ. ಬ್ರೇಕು ಕಾದು ಟೈರಿನಿಂದ ಹೊಗೆ ಬರುತ್ತಿದ್ದರೂ, ಯಂತ್ರಕ್ಕೆ ವಿದ್ಯುತ್ ತಂತಿ ತಾಗಿದ್ದರೂ ನೋಡಲು ಹತ್ತಿರ ಹೋಗಬಾರದು. ಅಂಥ ಯಂತ್ರದಿಂದ 300 ಮೀಟರ್ ದೂರದೊಳಗೆ ಯಾರನ್ನೂ ಬಿಡದೆ 24 ಗಂಟೆ ಕಾಯುವುದು ಗಣಿಗಳಲ್ಲಿ ಪಾಲಿಸುವ ಕ್ರಮ.