ರಟ್ನಹಳ್ಳಿ ಬೇಲಿಯೊಳಗೆ ಹೊರಗಿನವರಿಗೇನು ಕೆಲಸ?

ಮೈಸೂರಿನ ಬಳಿಯ ರಟ್ನಹಳ್ಳಿಯಲ್ಲಿರುವ ಯುರೇನಿಯಂ ಸ್ಥಾವರ ಆರ್‌ಎಂಪಿ (ರೇರ್ ಮೆಟೀರಿಯಲ್ಸ್ ಪ್ಲಾಂಟ್) ಬಗ್ಗೆ ಇಲವಾಲದ ಓದುಗರೊಬ್ಬರು ಬರೆದಿದ್ದಾರೆ: "ಆರ್‌ಎಂಪಿಯಲ್ಲಿರುವವರು ದೇಶದ ಅತ್ಯುತ್ತಮ ವಿಜ್ಞಾನಿಗಳು. ಅವರ ಕೆಲಸವನ್ನು ಅವರೇ ಪರೀಕ್ಷಿಸಿಕೊಂಡರೆ ಸಾಲದೆ? ಹೊರಗಿನವರನ್ನು ಬಿಟ್ಟುಕೊಂಡರೆ ದೇಶದ ಗುಟ್ಟು ಬೀದಿಗೆ ಬೀಳುವುದಿಲ್ಲವೆ?"

ಸಂಪಾದಕರ ಉತ್ತರ:

ಇಲವಾಲ, ಹೂಟಗಳ್ಳಿ ಕಡೆಯವರೇ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದೀರಿ, ಸಂತೋಷ. ನಿಮ್ಮ ಮಾತನ್ನು ತಳ್ಳಿಹಾಕುವಂತಿಲ್ಲ. ಅಲ್ಲಿ ಎಷ್ಟು ಯುರೇನಿಯಂ ಸಂವರ್ಧನೆಯಾಗುತ್ತದೆ (ಅಂದರೆ ಅದರಲ್ಲಿ ಸುಲಭವಾಗಿ ಸೀಳುವ ಅಂಶವನ್ನು ಹೆಚ್ಚಿಸಲಾಗುತ್ತದೆ), ಎಷ್ಟು ಯಂತ್ರಗಳಿವೆ ಎಂಬುದು ಗುಟ್ಟಾಗಿಯೇ ಇರಲಿ. ಆದರೆ ಗಾಳಿ ಸೋಸುವ ಫಿಲ್ಟರ್ ಹರಿದಿದೆಯೆ, ಕರೆಂಟ್ ಹೋದಾಗ ಡೀಸೆಲ್ ಜನರೇಟರ್ ಲೋಡ್ ಹೊರುತ್ತದೆಯೆ ಎಂಬುದರಲ್ಲಿ ಗುಟ್ಟೇನಿದೆ? ಎರಡನ್ನೂ ಒಂದೇ ಬೀಗದೊಳಗೆ ಇಟ್ಟಿರುವುದೇ ನಮ್ಮ ತಕರಾರು.

ಅಣು ಸ್ಥಾವರಗಳ ಸುರಕ್ಷತೆ ತಪಾಸಣೆ ಮಾಡುವ ಅಣುಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಹುಟ್ಟಿತು. ಅದು ಲೆಕ್ಕ ಒಪ್ಪಿಸುತ್ತಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ, ಸ್ಥಾವರಗಳನ್ನು ನಡೆಸುವ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ತಪಾಸಣೆಗೆ ಒಳಗಾಗುವವರ ಮನೆಯಲ್ಲೇ ತಪಾಸಣೆ ಮಾಡುವವರ ವಾಸ. 2012ರಲ್ಲಿ ಸರ್ಕಾರದ ಲೆಕ್ಕ ತಪಾಸಣಾ ಸಂಸ್ಥೆ ಸಿಎಜಿ ಇದನ್ನೇ ಎತ್ತಿ ತೋರಿಸಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಮಂಡಳಿಗೆ ಶಾಸನದ ಆಸರೆ ಕೊಟ್ಟಿದೆ; ತಡವಾಯಿತು, ಆದರೂ ಒಳ್ಳೆಯದೇ. ಮೈಸೂರಿನವರು ನೆನಪಿಡಬೇಕಾದ್ದು 2000ದ ಏಪ್ರಿಲ್. ಆಗ ಬಾರ್ಕ್‌ನ (ಭಾಭಾ ಅಣು ಸಂಶೋಧನಾ ಕೇಂದ್ರದ) ಘಟಕಗಳನ್ನು ಈ ಮಂಡಳಿಯ ಕೈಯಿಂದ ಬಿಡಿಸಿ, ಬಾರ್ಕ್‌ನದೇ ಆಂತರಿಕ ಸಮಿತಿಗೆ ಒಪ್ಪಿಸಲಾಯಿತು. ರಟ್ನಹಳ್ಳಿಯ ಆರ್‌ಎಂಪಿ ಬಾರ್ಕ್‌ನ ಘಟಕ.

ಅದಕ್ಕೆ ಒಂದು ತಿಂಗಳು ಮೊದಲು ಅಮೆರಿಕದಲ್ಲಿ ಏನಾಯಿತು ನೋಡಿ. ಅಲ್ಲಿ ಅಣ್ವಸ್ತ್ರ ತಯಾರಿಸುವ ಸ್ಥಾವರಗಳ ಸುರಕ್ಷತೆ ನೋಡಲೆಂದೇ 1988ರಲ್ಲಿ ಸಂಸತ್ತು ಪ್ರತ್ಯೇಕ ಮಂಡಳಿಯೊಂದನ್ನು ಕಟ್ಟಿದೆ. ಅದಕ್ಕೆ ಆದೇಶಿಸುವ ಅಧಿಕಾರವಿಲ್ಲ, ಶಿಫಾರಸು ಮಾಡಬಹುದು ಅಷ್ಟೆ. ಆದರೆ ಇಂಧನ ಮಂತ್ರಿ ಅದಕ್ಕೆ ಬಹಿರಂಗವಾಗಿ ಉತ್ತರ ಕೊಡಲೇಬೇಕು. 2000ದ ಮಾರ್ಚ್‌ನಲ್ಲಿ ಆ ಮಂಡಳಿ, ಹಳೆಯ ಸ್ಥಾವರಗಳ ಗಾಳಿ ವ್ಯವಸ್ಥೆ, ಬೆಂಕಿ ನಂದಿಸುವ ವ್ಯವಸ್ಥೆಗಳು ಸವೆಯುತ್ತಿವೆ, ಒಂದೊಂದಕ್ಕೂ ಹೊಣೆ ಹೊರುವ ಎಂಜಿನಿಯರ್ ಬೇಕು ಎಂದು ಬರೆಯಿತು. ಇಲಾಖೆ ನೇಮಿಸಿತು. ಅಮೆರಿಕದ ಬಾಂಬಿನ ಗುಟ್ಟೇನೂ ಬಯಲಾಗಲಿಲ್ಲ.

ಹೊರಗಿನವರು ಏನು ನೋಡುತ್ತಾರೆ ಎನ್ನುತ್ತೀರಾ? ಫಿಲ್ಟರ್ ಪೆಟ್ಟಿಗೆಯ ಗೇಜನ್ನೇ ತೆಗೆದುಕೊಳ್ಳಿ. ಅತಿ ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಹೊಸದಿದ್ದಾಗ ಪೂರ್ಣ ಗಾಳಿ ಹರಿವಿನಲ್ಲಿ ಸುಮಾರು 25 ಮಿಲಿಮೀಟರ್ ನೀರಿನಷ್ಟು ಒತ್ತಡದ ವ್ಯತ್ಯಾಸ ತೋರಿಸುತ್ತದೆ. ಧೂಳು ಕಟ್ಟಿದಂತೆ ಮುಳ್ಳು ಏರುತ್ತದೆ. ಒಂದು ದಿನ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ, ಪಾಳಿಯವರು 'ಮಿತಿಯೊಳಗಿದೆ' ಎಂದು ರಿಜಿಸ್ಟರಿನಲ್ಲಿ ಟಿಕ್ ಹಾಕುತ್ತಾರೆ. ನಿಜವಾಗಿ ಫಿಲ್ಟರಿನ ಕಾಗದ ಹರಿದಿರಬಹುದು, ಗ್ಯಾಸ್ಕೆಟ್ ಬಿಟ್ಟಿರಬಹುದು, ಗೇಜಿನ ನಳಿಕೆಯೇ ಕಟ್ಟಿರಬಹುದು. ಜನರೇಟರಿನದೂ ಇದೇ ಕಥೆ: ಲೋಡ್ ಇಲ್ಲದೆ ಹತ್ತು ನಿಮಿಷ ಓಡಿಸಿ 'ಪರೀಕ್ಷೆ ಆಯಿತು' ಎಂದು ಬರೆದರೆ, ಪಂಪು, ಫ್ಯಾನು ಒಟ್ಟಿಗೆ ಶುರುವಾದಾಗ ಅದು ಲೋಡ್ ತಾಳುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ದಿನಾ ನೋಡುವವರ ಕಣ್ಣಿಗೆ ಇದೆಲ್ಲ ಒಗ್ಗಿಹೋಗಿರುತ್ತದೆ. ಅವರ ಬುದ್ಧಿವಂತಿಕೆಗೂ ಇದಕ್ಕೂ ಸಂಬಂಧವಿಲ್ಲ.

ಸಂವರ್ಧನೆಗೆ ಬಳಸುವುದು ಯುರೇನಿಯಂ ಹೆಕ್ಸಾಫ್ಲೋರೈಡ್. ಸೋರಿದರೆ ಅದು ಗಾಳಿಯ ತೇವದೊಡನೆ ಸೇರಿ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ವಿಕಿರಣಕ್ಕಿಂತ ಮೊದಲು ಶ್ವಾಸಕೋಶ ಸುಡುವುದು ಇದು. 1986ರ ಜನವರಿಯಲ್ಲಿ ಅಮೆರಿಕದ ಗೋರ್ ಎಂಬ ಊರಿನ ಕಾರ್ಖಾನೆಯಲ್ಲಿ ಸಿಲಿಂಡರ್ ಹೊತ್ತ ಗಾಡಿಯ ಒಂದು ಚಕ್ರ ತಕ್ಕಡಿಯ ಹೊರಗಿತ್ತು. ತೂಕ ಕಡಿಮೆ ತೋರಿಸಿತು, ತುಂಬುತ್ತಲೇ ಹೋದರು. ಹೆಚ್ಚಾದದ್ದನ್ನು ತೆಗೆಯಲೆಂದು, ಮಾಡಬಾರದೆಂಬ ನಿಯಮವಿದ್ದರೂ, ಬಿಸಿ ಮಾಡಿದರು. ಸಿಲಿಂಡರ್ ಸೀಳಿ ಕಾರ್ಮಿಕರೊಬ್ಬರು ಸತ್ತರು. 1999ರಲ್ಲಿ ಜಪಾನಿನ ಟೋಕೈಮುರಾದಲ್ಲಿ 2.4 ಕಿಲೋ ಮಿತಿಯಿದ್ದ ತೊಟ್ಟಿಗೆ ಸುಮಾರು 16 ಕಿಲೋ ಯುರೇನಿಯಂ ಇದ್ದ ದ್ರಾವಣವನ್ನು ಬಕೆಟ್ಟಿನಲ್ಲಿ ಸುರಿದರು, ಅಣು ಸರಪಳಿ ಕ್ರಿಯೆ ಶುರುವಾಗಿ ಇಬ್ಬರು ತೀರಿಕೊಂಡರು. ಬಕೆಟ್ಟಿನ ಆ ಅಡ್ಡದಾರಿ ವರ್ಷಗಟ್ಟಲೆ ನಡೆದಿತ್ತು, ಸರ್ಕಾರದ ಪರಿಶೀಲಕರ ಗಮನಕ್ಕೇ ಬಂದಿರಲಿಲ್ಲ.

ನಿಮ್ಮ ಮೇಲೆ ಸ್ವಲ್ಪ ಸಿಟ್ಟೂ ಇದೆ. 'ದೊಡ್ಡವರಿದ್ದಾರೆ, ನೋಡಿಕೊಳ್ಳುತ್ತಾರೆ' ಎಂಬ ಈ ಭರವಸೆಯೇ ನಮ್ಮ ಎಲ್ಲ ಕಡೆ ತಪಾಸಣೆಯನ್ನು ಸಹಿಯ ಮಟ್ಟಕ್ಕೆ ಇಳಿಸಿದೆ. ಮಂಡ್ಯದ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಪ್ರಮಾಣಪತ್ರವಿರಲಿ, ಕನ್ನಂಬಾಡಿಯ ಗೇಟುಗಳ ವರದಿಯಿರಲಿ, ಅದನ್ನು ಓದಿದ ಊರಿನವರು ಎಷ್ಟು ಮಂದಿ? 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದ ಮೇಲೆ ತಾನೆ ಆ ಚೈನಿನ ವಯಸ್ಸು ಎಲ್ಲರೂ ಕೇಳಿದ್ದು!

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಮೂರು ವಿಷಯ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅನಿಲ ಸೋರಿದರೆ ಹಳ್ಳಿಗೆ ಸುದ್ದಿ ಮುಟ್ಟಿಸುವವರು ಯಾರು, ಯಾವ ಫೋನಿನಿಂದ? ಮನೆಯ ಬಾಗಿಲು ಕಿಟಕಿ ಮುಚ್ಚಿ ಒಳಗಿರಬೇಕೋ, ಗಾಳಿಗೆ ಅಡ್ಡವಾಗಿ ಹೊರಟುಬಿಡಬೇಕೋ, ಅದನ್ನು ತೀರ್ಮಾನಿಸುವವರು ಯಾರು? ಹೈಡ್ರೋಜನ್ ಫ್ಲೋರೈಡ್ ಸುಟ್ಟ ಚರ್ಮಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿದೆಯೆ, ಇದ್ದರೆ ಅದರ ಅವಧಿ ಮುಗಿದಿಲ್ಲವಷ್ಟೆ? ಬಂದ ಉತ್ತರವನ್ನು ನಮಗೆ ಕಳಿಸಿ, ಇದ್ದಂತೆಯೇ ಅಚ್ಚು ಹಾಕುತ್ತೇವೆ.